ಹೊಂಡದ ಇಳಿಜಾರು

ಶನಿವಾರದ ಬೆಳಗಿನ ಶಾಲೆ. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಉಮೇಶ್ ಒಂಬತ್ತನೇ ತರಗತಿಯ ಮಕ್ಕಳಿಗೆ ಸಮಾಂತರ ಚತುರ್ಭುಜದ ವಿಸ್ತೀರ್ಣ ಹೇಳಿಕೊಡುತ್ತಿದ್ದ. ಒಂದು ಮೂಲೆಯ ತ್ರಿಭುಜವನ್ನು ಕತ್ತರಿಸಿ ಇನ್ನೊಂದು ಮಗ್ಗುಲಿಗೆ ಜೋಡಿಸಿದರೆ ಅದು ಆಯತವಾಗುತ್ತದೆಂದು ಹಲಗೆಯ ಮೇಲೆ ಗೆರೆ ಎಳೆದು ತೋರಿಸುವಷ್ಟರಲ್ಲಿ ಜೇಬಿನ ಫೋನು ಗುರುಗುಟ್ಟಿತು. ತರಗತಿಯಲ್ಲಿ ಫೋನು ತೆಗೆಯುವ ಅಭ್ಯಾಸ ಅವನಿಗಿರಲಿಲ್ಲ. ಅದು ಒಮ್ಮೆ ಸುಮ್ಮನಾಗಿ ಮತ್ತೆ ಶುರುವಾಯಿತು. ನೋಡಿದರೆ ತಮ್ಮನ ಹೆಂಡತಿ ಸುನಂದ. ಏನಾದರೂ ಹೇಳುವುದಿದ್ದರೆ ಗಂಡನ ಕೈಯಲ್ಲಿ ಹೇಳಿಸುವವಳು, ತಾನಾಗಿ ಫೋನು ಮಾಡಿದವಳಲ್ಲ. ಉಮೇಶ್ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದ.

"ಬಾವ, ಇವರೇನಾದ್ರೂ ನಿಮ್ಮತ್ರ ಬಂದಿದಾರಾ?"

"ವೆಂಕಟ್‌ನಾ? ಇಲ್ವಲ್ಲಮ್ಮ. ಯಾಕೆ?"

"ಬೆಳಿಗ್ಗೆ ಮೋಟ್ರು ಹಾಕಿ ಬರ್ತೀನಿ ಅಂತ ಹೋದೋರು. ಸೊಪ್ಪೂ ತಂದಿಲ್ಲ. ಹುಳ ಎಲ್ಲಾ ತಲೆ ಎತ್ಕೊಂಡು ಕೂತವೆ."

"ಫೋನ್ ಮಾಡಿ ನೋಡಿದ್ಯಾ?"

"ಫೋನು ಮೋಟ್ರು ಮನೇಲೇ ಇತ್ತು, ಚಾರ್ಜಿಗೆ ಹಾಕಿದ್ರು. ಚಪ್ಲಿ ಹೊಂಡದ ಹತ್ರ ಇದೆ ಬಾವ."

ಚಪ್ಪಲಿಯ ಮಾತನ್ನು ಅವಳು ಸೊಪ್ಪು, ಮೋಟ್ರಿನ ಮಾತಿನಷ್ಟೇ ಸಲೀಸಾಗಿ ಆಡಿದಳು. "ಈಗ ಬಂದೆ" ಎಂದವನೇ ಉಮೇಶ್ ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳಿ ಬೈಕು ಹತ್ತಿದ.

ತಮ್ಮನಿದ್ದ ಊರು ಯಲ್ದೂರು ದಾಟಿ ಎರಡು ಮೈಲಿ ಒಳಕ್ಕೆ. ದಾರಿಯುದ್ದಕ್ಕೂ ಮಾವಿನ ತೋಪುಗಳು. ಕಾರ್ತಿಕದ ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ವೆಂಕಟ್ ಸಿಕ್ಕಸಿಕ್ಕಲ್ಲಿ ಚಪ್ಪಲಿ ಬಿಡುವವನೆಂದು ಉಮೇಶ್ ತನಗೆ ತಾನೇ ಹೇಳಿಕೊಂಡ. ಟೀ ಅಂಗಡಿಯಲ್ಲಿ ಬಿಟ್ಟು ಬಂದಿದ್ದಾನೆ, ಬಸ್ಸಿನಲ್ಲಿ ಬಿಟ್ಟು ಇಳಿದಿದ್ದಾನೆ, ತನ್ನ ಮದುವೆಯ ದಿನ ಛತ್ರದ ಬಾಗಿಲಲ್ಲಿ ಬಿಟ್ಟು ಆಮೇಲೆ ಅಣ್ಣನದನ್ನು ಹಾಕಿಕೊಂಡು ಹೋಗಿದ್ದಾನೆ. ಬರಿಗಾಲಲ್ಲಿ ಮಣ್ಣು ತುಳಿದರೇನೇ ಅವನಿಗೆ ಸಮಾಧಾನ. ಯಾರದೋ ಗಾಡಿ ಹತ್ತಿ ಹೋಳೂರಿಗೆ ಹೋಗಿರಬೇಕು, ಮುಂದಿನ ರೇಷ್ಮೆ ಬೆಳೆಗೆ ಮರಿಹುಳು ಹೇಳಿಬರಲು. ಹೋಗಿರಲೇಬೇಕು.

ಆದರೆ ಇನ್ನೊಂದು ಮಾತೂ ಅವನಿಗೆ ಗೊತ್ತಿತ್ತು. ವೆಂಕಟ್‌ಗೆ ಈಜು ಬರುತ್ತಿರಲಿಲ್ಲ. ಉಮೇಶ್‌ಗೂ ಬರುತ್ತಿರಲಿಲ್ಲ. ಆ ಊರಿನಲ್ಲಿ ಅವರ ವಾರಿಗೆಯ ಯಾರಿಗೂ ಬರುತ್ತಿರಲಿಲ್ಲ. ಅವರು ಹುಡುಗರಾಗಿದ್ದ ಅಷ್ಟೂ ವರ್ಷ ಊರ ಕೆರೆಯಲ್ಲಿ ನೀರು ನಿಂತದ್ದೇ ಇಲ್ಲ. ಕೆರೆಯ ಅಂಗಳ ಅವರ ಪಾಲಿಗೆ ಕ್ರಿಕೆಟ್ಟಿನ ಮೈದಾನವಾಗಿತ್ತು, ಬಾವಿಗಳು ಕಸ ಹಾಕುವ ಗುಂಡಿಗಳಾಗಿದ್ದವು. ಈಜು ಎಲ್ಲಿ ಕಲಿಯಬೇಕಿತ್ತು?

ಹೊಲದ ಹತ್ತಿರ ಬಂದಾಗ ಹೊಂಡದ ಏರಿಯ ಮೇಲೆ ಆಗಲೇ ಹತ್ತಿಪ್ಪತ್ತು ಜನ ನಿಂತಿದ್ದರು. ಅವನನ್ನು ಕಂಡು ದಾರಿ ಬಿಟ್ಟರು. ಪಕ್ಕದ ಹೊಲದ ಕದಿರಪ್ಪ ಬಾವಿಗೆ ಬಿದ್ದ ಕೊಡ ಎತ್ತುವ ಹಳೆಯ ಪಾತಾಳಗರಡಿಯನ್ನು ಅಟ್ಟದಿಂದ ಹುಡುಕಿ ತಂದು, ಹಗ್ಗ ಕಟ್ಟಿ ನೀರಿಗೆ ಎಸೆದು ಎಳೆಯುತ್ತಿದ್ದ. ಅದರ ಕೊಕ್ಕೆ ತಳಕ್ಕೆ ಹಾಸಿದ ಕರಿಯ ಪ್ಲಾಸ್ಟಿಕ್ ಹಾಳೆಗೆ ಸಿಕ್ಕಿಕೊಳ್ಳುತ್ತಿತ್ತು. ಎಳೆದರೆ ಹಾಳೆ ಹರಿಯುತ್ತಿತ್ತು.

"ನಾಲ್ಕು ಮಗ್ಗುಲೂ ಎಳೆದೆ ಮೇಷ್ಟ್ರೇ," ಎಂದ ಕದಿರಪ್ಪ. "ಏನೂ ತಗುಲಲಿಲ್ಲ. ಇಲ್ದೇ ಇರಬೌದು."

ಚಪ್ಪಲಿಗಳು ಮೋಟ್ರಿನ ಪೈಪು ನೀರಿಗಿಳಿಯುವ ಕಡೆ ಪಕ್ಕಪಕ್ಕದಲ್ಲಿ ಅಚ್ಚುಕಟ್ಟಾಗಿ ಇದ್ದವು. ಪೈಪಿನ ತುದಿಯ ಜರಡಿಗೆ ಪಾಚಿ ಕಟ್ಟಿಕೊಂಡರೆ ವೆಂಕಟ್ ಬಗ್ಗಿ ಕೈಯಲ್ಲೇ ಅದನ್ನು ಬಿಡಿಸುತ್ತಿದ್ದ. ಉಮೇಶ್ ಅದನ್ನು ಹಲವು ಸಲ ನೋಡಿದ್ದ. ಹುಷಾರು ಕಣೋ ಎಂದೂ ಹೇಳಿದ್ದ. ಮೂರು ಕಡೆ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು. ಪೈಪಿನ ಕಡೆ ಮಾತ್ರ ಟ್ರಾಕ್ಟರು ಬರಲೆಂದು ಹಾಗೇ ಬಿಟ್ಟಿದ್ದರು.

ಆ ಹೊಂಡ ತೋಡಿಸಿ ಮೂರನೆಯ ವರ್ಷ ನಡೆಯುತ್ತಿತ್ತು. ಇಪ್ಪತ್ತೊಂದು ಮೀಟರ್ ಉದ್ದ, ಅಷ್ಟೇ ಅಗಲದ ಬಾಯಿ, ಮೂರು ಮೀಟರ್ ಆಳ. ಕೃಷಿ ಇಲಾಖೆಯವರು ಕೊಟ್ಟ ನಕ್ಷೆಯಲ್ಲಿ ಇಳಿಜಾರು ನಿಧಾನವಾಗಿತ್ತು: ಒಂದು ಮೀಟರ್ ಇಳಿಯುವಷ್ಟರಲ್ಲಿ ಗೋಡೆ ಒಂದೂವರೆ ಮೀಟರ್ ಒಳಕ್ಕೆ ಸರಿಯಬೇಕು. ಹಾಗೆ ಮಾಡಿದರೆ ತಳ ಹನ್ನೆರಡು ಮೀಟರಿಗೆ ಕುಗ್ಗುತ್ತದೆ. ಜೆಸಿಬಿ ಬರುವ ಹಿಂದಿನ ಭಾನುವಾರ ವೆಂಕಟ್ ಆ ನಕ್ಷೆ ಹಿಡಿದುಕೊಂಡು ಅಣ್ಣನ ಮನೆಗೆ ಬಂದಿದ್ದ. "ಅಣ್ಣಾ, ತೋಟದ ಸಾಲು ಒಂದೂ ಹೋಗಬಾರ್ದು. ಬಾಯಿ ಇಷ್ಟೇ ಇರಬೇಕು. ನೀರು ಜಾಸ್ತಿ ಹಿಡೀಬೇಕು. ಏನಾದ್ರೂ ದಾರಿ ಐತಾ?" ಎಂದಿದ್ದ.

ಉಮೇಶ್‌ಗೆ ಅದು ಪರಮ ಖುಷಿಯ ಪ್ರಶ್ನೆ. ಹತ್ತನೇ ತರಗತಿಯ ಪುಸ್ತಕದಲ್ಲಿ ಶಂಕುವಿನ ಭಿನ್ನಕವೆಂಬ ಪಾಠವಿರುತ್ತಿತ್ತು, ತುದಿ ಕತ್ತರಿಸಿದ ಶಂಕು, ನಮ್ಮ ಬಕೀಟಿನ ಆಕಾರ. ಹೊಂಡವೂ ಅದೇ ಜಾತಿ; ಚೌಕದ ಪಿರಮಿಡ್ಡಿನ ತಲೆ ಕತ್ತರಿಸಿ ಬೋರಲು ಹಾಕಿದ ಹಾಗೆ. ಮೇಲಿನ ಚೌಕದ ವಿಸ್ತೀರ್ಣ, ತಳದ ಚೌಕದ ವಿಸ್ತೀರ್ಣ, ಅವೆರಡರ ಗುಣಲಬ್ಧದ ವರ್ಗಮೂಲ, ಮೂರನ್ನೂ ಕೂಡಿಸಿ ಆಳದಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಆಯಿತು. ಗೋಡೆಯನ್ನು ಒಂದಕ್ಕೆ ಒಂದರಂತೆ ಕಡಿದಾಗಿಸಿದರೆ ತಳ ಹದಿನೈದು ಮೀಟರ್ ಆಗುತ್ತದೆ, ಒಂದು ಲಕ್ಷ ನಲವತ್ತು ಸಾವಿರ ಲೀಟರಿಗೂ ಮೇಲೆ ನೀರು ಹೆಚ್ಚಿಗೆ ನಿಲ್ಲುತ್ತದೆ. "ಬಾಯಿ ಅಷ್ಟೇ ಇರಲಿ, ಹೊಟ್ಟೆ ದೊಡ್ಡದು ಮಾಡು" ಎಂದು ಅವನು ತಮ್ಮನಿಗೆ ಹೇಳಿದ. ಮೊದಲ ಮಳೆಗಾಲದಲ್ಲಿ ಹೊಂಡ ತುಂಬಿದಾಗ ವೆಂಕಟ್ ಬಂದವರಿಗೆಲ್ಲ ಕೈ ಮಾಡಿ ತೋರಿಸಿದ. "ನಮ್ಮಣ್ಣನ ಲೆಕ್ಕ ಇದು. ಇಲಾಖೆ ಇಂಜಿನಿಯರ್ರಿಗೂ ಹೊಳೀಲಿಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅದನ್ನು ಕೇಳಿಯೇ ಕದಿರಪ್ಪ, ಬಚ್ಚಪ್ಪ, ಆದಿಲಕ್ಷ್ಮಮ್ಮನ ಮನೆಯವರು ತಮ್ಮ ಹೊಂಡಗಳನ್ನೂ ಅದೇ ಅಳತೆಗೆ ತೋಡಿಸಿದ್ದರು.

ಈಗ ಉಮೇಶ್ ಆ ಕಡಿದಾದ ಗೋಡೆಯನ್ನು ನೋಡುತ್ತ ನಿಂತ. ಹೊಂಡ ಅಂಚಿನ ತನಕ ತುಂಬಿತ್ತು. ನೀರು ಹಸಿರುಗಟ್ಟಿ ಒಂದು ಗೇಣಿನ ಕೆಳಗೆ ಏನೂ ಕಾಣುತ್ತಿರಲಿಲ್ಲ. ಉದ್ದನೆಯ ಬಿದಿರಿನ ಗಳುವನ್ನು ಅಂಚಿನಿಂದ ಚುಚ್ಚಿದರೆ ಇಳಿಜಾರಿನ ಹಾಳೆಗೇ ತಾಗಿ ಜಾರುತ್ತಿತ್ತು. ನಡುವಿನ ತಳ ಯಾರ ಕೈಗೂ ಸಿಗುವಂತಿರಲಿಲ್ಲ.

ತಾಯಿ ದೊಡ್ಡಮುನಿಯಮ್ಮ ಹೊಂಗೆ ಮರದ ಬುಡದಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಮಗನನ್ನು ಕಂಡು, ಮನೆಯಲ್ಲಿ ಆಡುವ ತೆಲುಗಿನಲ್ಲಿ, "ಚಿನ್ನೋಡು ಎಕ್ಕಡರಾ?" ಎಂದು ಕೇಳಿದಳು. ಸಣ್ಣವನು ಎಲ್ಲೋ ಎಂದು, ದೊಡ್ಡವನನ್ನು. ಅವರು ಹುಡುಗರಾಗಿದ್ದಾಗ ಸಂಜೆ ಹೊತ್ತು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅದೇ ಮಾತು. ಉಮೇಶ್‌ಗೆ ಅವಳ ಪಕ್ಕ ಒಂದು ಕ್ಷಣ ಕೂರುವುದಕ್ಕೂ ಆಗಲಿಲ್ಲ. "ನೋಡ್ತಾ ಇದೀವಮ್ಮ" ಎಂದು ತಿರುಗಿ ಬಂದ.

ಅಷ್ಟರಲ್ಲಿ ಬಚ್ಚಪ್ಪ ಏದುಸಿರು ಬಿಡುತ್ತ ಬಂದು, ಯಲ್ದೂರಿನ ಟೀ ಅಂಗಡಿಯಲ್ಲಿ ವೆಂಕಟ್‌ನನ್ನು ಕಂಡವರಿದ್ದಾರೆಂದ. ಏರಿಯ ಮೇಲಿದ್ದವರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಏರಿಯ ಕೆಳಗೆ ನಿಂತಿದ್ದ ಸುನಂದ ಸೆರಗು ಸರಿಮಾಡಿಕೊಂಡು, "ನಾನು ಹೇಳ್ಲಿಲ್ವಾ, ಅವರು ಅಲ್ಲಿಲ್ಲ ಅಂತ" ಎಂದಳು. ಉಮೇಶ್ ಅಂಗಡಿಯವನ ನಂಬರು ಹುಡುಕಿಸಿ ಫೋನು ಮಾಡಿದ. ಅಂಗಡಿಯವನು ಗಿರಾಕಿಗಳ ಗಲಾಟೆಯ ನಡುವೆ ಎರಡು ಸಲ ಕೇಳಿಸಿಕೊಂಡು, "ಹೂಂ ಸಾರ್, ಬಂದಿದ್ರು. ಎರಡು ಟೀ ಪಾರ್ಸಲ್ ತಗೊಂಡ್ರು. ನೆನ್ನೆ" ಎಂದ. ಉಮೇಶ್ ಫೋನನ್ನು ಕಿವಿಯಿಂದ ತೆಗೆಯದೆ ಇನ್ನೂ ಸ್ವಲ್ಪ ಹೊತ್ತು ನಿಂತ. ತೆಗೆದರೆ ಸುನಂದಳಿಗೆ ಹೇಳಬೇಕಾಗುತ್ತಿತ್ತು. ಹೇಳಲೇಬೇಕಾಯಿತು.

ಅಗ್ನಿಶಾಮಕದವರಿಗೆ ಫೋನು ಹೋಗಿತ್ತು. ಎಲ್ಲೋ ಗೋದಾಮಿಗೆ ಬೆಂಕಿ ಬಿದ್ದು ವ್ಯಾನು ಅಲ್ಲಿಗೆ ಹೋಗಿದೆ, ಅದು ಮುಗಿಯುತ್ತಲೇ ಬರುತ್ತೇವೆ ಎಂದರಂತೆ. ಉಮೇಶ್ ತನ್ನ ಹೆಂಡತಿ ವೆಂಕಟಲಕ್ಷ್ಮಿಗೆ ಫೋನು ಮಾಡಿ ನೋಡಿದ. ನರಸಾಪುರದ ಫ್ಯಾಕ್ಟರಿಯಲ್ಲಿ ಅವಳದು ಬೆಳಗಿನ ಪಾಳಿ. ಫೋನನ್ನು ಬಾಗಿಲಲ್ಲೇ ಒಪ್ಪಿಸಿ ಒಳಗೆ ಹೋಗಬೇಕು. ಅದು ಯಾವುದೋ ಪೆಟ್ಟಿಗೆಯೊಳಗೆ ಸುಮ್ಮನೆ ಬಡಿದುಕೊಂಡು ನಿಂತಿತು.

"ನೀರು ಹೊಡೀಬೇಕು ಮೇಷ್ಟ್ರೇ," ಎಂದ ಕದಿರಪ್ಪ. "ಬೇರೆ ದಾರಿ ಇಲ್ಲ. ನಂದೊಂದು ಮೋಟ್ರು ಐತೆ, ಬಚ್ಚಪ್ಪಂದು ಡೀಸೆಲ್ ಇಂಜಿನ್ನು. ಇನ್ನೊಂದೆರಡು ತರಿಸ್ತೀನಿ."

ಸುನಂದ ಆಗ ಮುಂದೆ ಬಂದು ಪೈಪಿಗೆ ಅಡ್ಡ ನಿಂತಳು.

"ಬೇಡ ಬಾವ. ಅವರು ಅಲ್ಲಿಲ್ಲ. ಬೇಸಿಗೆಗೆ ಅಂತ ಇಟ್ಟಿರೋ ನೀರು. ಬಂದು ನೋಡಿದ್ರೆ ಬೈತಾರೆ."

"ಬೈಲಿ ಬಿಡಮ್ಮ," ಎಂದ ಉಮೇಶ್. "ಬಂದು ಬೈಲಿ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು.

ನೀರು ಎಲ್ಲಿಗೆ ಬಿಡುವುದೆಂಬ ಪ್ರಶ್ನೆ ಬಂತು. ತಗ್ಗು ಇದ್ದದ್ದು ಕದಿರಪ್ಪನ ಹೊಲದ ಕಡೆಗೆ. ಅಲ್ಲಿ ರಾಗಿ ತೆನೆ ಬಲಿತು ಕೊಯ್ಲಿಗೆ ನಿಂತಿತ್ತು. ಉಮೇಶ್ ಅದನ್ನು ನೋಡಿದ್ದನ್ನು ಕಂಡು ಕದಿರಪ್ಪ, "ಹರೀಲಿ ಬಿಡಿ" ಎಂದಷ್ಟೇ ಹೇಳಿ ಬದು ಕಡಿದ. ನಾಲ್ಕು ಪೈಪುಗಳು ಹೊಂಡಕ್ಕೆ ಬಾಯಿ ಹಾಕಿದವು. ಇಂಜಿನ್ನುಗಳ ಸದ್ದಿಗೆ ಮಾತೆಲ್ಲ ಮುಳುಗಿತು.

"ಎಷ್ಟೊತ್ತಾಗಬೌದು ಮೇಷ್ಟ್ರೇ?" ಎಂದು ಯಾರೋ ಅವನ ಕಿವಿಯ ಹತ್ತಿರ ಕೂಗಿದರು.

ಅವನು ಲೆಕ್ಕ ಹಾಕಬೇಕೆಂದುಕೊಳ್ಳಲಿಲ್ಲ. ಅದು ತಾನಾಗಿ ಆಯಿತು. ಇಪ್ಪತ್ತು ವರ್ಷ ಪಾಠ ಹೇಳಿದ ತಲೆ, ಕೇಳಿದ್ದೇ ತಡ ಓಡಿತು. ಒಟ್ಟು ಒಂಬತ್ತು ಲಕ್ಷ ಎಂಬತ್ತು ಸಾವಿರ ಲೀಟರು. ನಾಲ್ಕು ಮೋಟ್ರು ಸೇರಿ ತಾಸಿಗೆ ಒಂದು ಲಕ್ಷ ಅರವತ್ತು ಸಾವಿರ ಎತ್ತಿದರೆ ಹೆಚ್ಚು. ಆಳು ಇಳಿದು ನಿಲ್ಲುವಷ್ಟು, ಎದೆಮಟ್ಟಕ್ಕೆ ಬರಬೇಕಾದರೆ ಆರೂವರೆ ಲಕ್ಷ ಹೊರಗೆ ಹೋಗಬೇಕು. ನಾಲ್ಕು ತಾಸಿನ ಮೇಲಾಗುತ್ತದೆ. ಒಬ್ಬ ಮನುಷ್ಯ ನೀರಿನೊಳಗೆ ಎಷ್ಟು ಹೊತ್ತು ಇರಬಲ್ಲನೆಂಬುದಕ್ಕೆ ಲೆಕ್ಕ ಬೇಕಿರಲಿಲ್ಲ. ವೆಂಕಟ್ ಮನೆ ಬಿಟ್ಟದ್ದು ಕೋಳಿ ಕೂಗುವ ಹೊತ್ತಿಗೆ. ಅವನು ಅಲ್ಲಿ ಇರುವುದೇ ನಿಜವಾದರೆ, ಈ ಮೋಟ್ರುಗಳು ಯಾರನ್ನೂ ಉಳಿಸುವುದಕ್ಕೆ ಓಡುತ್ತಿಲ್ಲ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಆದರೂ ಎಲ್ಲರೂ ಮೇಷ್ಟ್ರ ಬಾಯಿ ನೋಡುತ್ತಿದ್ದರು.

"ಮಧ್ಯಾಹ್ನ ಆಗುತ್ತೆ," ಎಂದ.

ಮೊದಲ ಒಂದು ತಾಸು ನೀರು ಇಳಿದಂತೆಯೇ ಕಾಣಲಿಲ್ಲ. ಹಾಳೆಯ ಮೇಲೆ ಒಂದು ಮೊಳಕ್ಕೂ ಕಡಿಮೆ ಅಗಲದ ಒದ್ದೆ ಪಟ್ಟಿ ಮೂಡಿತು, ಅಷ್ಟೇ. ಉಮೇಶ್‌ಗೆ ನಿಲ್ಲಲಾಗದೆ ಹುಳು ಮನೆಯ ಕಡೆ ನಡೆದ. ಅಲ್ಲಿ ನೆರೆಮನೆಯ ಮುತ್ಯಾಲಮ್ಮ ಇನ್ನೂ ಮೂವರು ಹೆಂಗಸರನ್ನು ಕೂಡಿಕೊಂಡು ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕುತ್ತಿದ್ದಳು. ವೆಂಕಟ್‌ನ ಆರು ವರ್ಷದ ಮಗಳು ಚಂದನಳನ್ನು ತನ್ನ ಮನೆಗೆ ಕಳಿಸಿ, ಸೊಸೆಯ ಹತ್ತಿರ ಬಿಟ್ಟಿದ್ದಾಗಿ ಹೇಳಿದಳು. ಹುಳು ಕಡೆಯ ಸಲ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದು ನಾಲ್ಕು ದಿನವಾಗಿತ್ತು. ಹಗಲೂ ರಾತ್ರಿ ತಿನ್ನುವ ಕಾಲ. ಯಾರು ಇರಲಿ, ಯಾರು ಹೋಗಲಿ, ಅವಕ್ಕೆ ಸೊಪ್ಪು ಬೀಳಬೇಕು. ತಟ್ಟೆಯಿಂದ ತಟ್ಟೆಗೆ ಸರಸರನೆ ಮೇಯುವ ಸದ್ದು ಕೇಳುತ್ತಿತ್ತು. ಸುನಂದ ಅಲ್ಲೇ ಮೂಲೆಯಲ್ಲಿ ನಿಂತು, ಒಣಗಿದ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದಳು.

"ಇಳೀತಿದ್ಯಾ ಬಾವ?"

"ನಿಧಾನವಾಗಿ."

"ನಿಧಾನವಾಗೇ ಇಳೀಲಿ," ಎಂದಳು ಅವಳು.

ಅವಳಿಗೆ ಆ ನಿಧಾನ ಬೇಕಾಗಿತ್ತು. ನೀರು ಇರುವಷ್ಟು ಹೊತ್ತು ಗಂಡ ಎಲ್ಲೋ ಇದ್ದಾನೆ. ಉಮೇಶ್‌ಗೆ ಅದು ಅರ್ಥವಾಯಿತು. ಆದರೆ ಹೊಂಡದ ಆಕಾರ ಅವಳ ಮಾತು ಕೇಳುವಂಥದ್ದಲ್ಲ. ಕೆಳಗೆ ಹೋದಷ್ಟೂ ಬಾಯಿ ಕಿರಿದಾಗುತ್ತದೆ. ಬಾಯಿ ಕಿರಿದಾದಷ್ಟೂ ಅದೇ ಮೋಟ್ರು, ಅದೇ ನೀರು, ಆದರೆ ಮಟ್ಟ ಬೇಗ ಬೇಗ ಇಳಿಯುತ್ತದೆ. ಹೊತ್ತು ಏರಿದ ಮೇಲೆ ಎಲ್ಲರ ಕಣ್ಣಿಗೂ ಅದು ಬಿತ್ತು. ದೊಡ್ಡಮುನಿಯಮ್ಮ ಹೊಂಗೆ ಮರದ ಬುಡದಿಂದಲೇ ಕೈ ಮುಗಿದು, "ಗಂಗಮ್ಮ ದಾರಿ ಬಿಡ್ತವ್ಳೆ, ನನ್ನ ಮಗನ್ನ ತೋರಿಸ್ತಾಳೆ" ಎಂದಳು. ಪಕ್ಕದ ಹೆಂಗಸರೂ ಹೌದೆಂದರು. ಗಂಗಮ್ಮನೇ ದಾರಿ ಬಿಟ್ಟಿದ್ದರೆ ಉಮೇಶ್‌ಗೂ ಎಷ್ಟೋ ಸಮಾಧಾನವಾಗುತ್ತಿತ್ತು.

ನೀರು ಆಳುದ್ದಕ್ಕೆ ಬಂದು, ಮೇಲಿನ ಹಾಳೆಗೆ ಬಿಸಿಲು ಬಿದ್ದಾಗ ಅವನು ಪೈಪಿನ ಕಡೆಯ ಗೋಡೆಯನ್ನು ನೋಡಿದ. ಎರಡು ವರ್ಷ ನೀರಿನೊಳಗಿದ್ದ ಹಾಳೆಗೆ ಎಲ್ಲ ಕಡೆ ಹಸಿರು ಲೋಳೆ ಸಮವಾಗಿ ಹತ್ತಿತ್ತು. ಅಲ್ಲೊಂದು ಕಡೆ ಮಾತ್ರ ಲೋಳೆ ಕೆರೆದುಹೋಗಿ ಹಾಳೆಯ ಕಪ್ಪು ಕಾಣುತ್ತಿತ್ತು. ಮೇಲಿನಿಂದ ಕೆಳಕ್ಕೆ ಉದ್ದನೆಯ ಗೀರುಗಳು, ಜೋಡಿಜೋಡಿಯಾಗಿ. ಅದರ ಪಕ್ಕದಲ್ಲಿ ಮತ್ತೆ, ಒಂದು ಮಾರು ಆಚೆ ಮತ್ತೆ. ಒಂದು ಕಡೆ ಹತ್ತಲಾಗದೆ ಇನ್ನೊಂದು ಕಡೆ, ಅಲ್ಲಿಯೂ ಆಗದೆ ಮತ್ತೊಂದು ಕಡೆ. ಪಾತಾಳಗರಡಿಯ ಗುರುತು ಹೀಗಿರುವುದಿಲ್ಲ, ಅದು ಹಾಳೆಯನ್ನೇ ಹರಿದಿತ್ತು. ಇವು ಬೆರಳುಗಳು.

ಉಮೇಶ್ ಸುತ್ತ ನೋಡಿದ. ಇನ್ನೂ ಯಾರೂ ಗಮನಿಸಿದಂತಿರಲಿಲ್ಲ. ಸುನಂದ ಹುಳು ಮನೆಯಿಂದ ಇತ್ತ ಬರುತ್ತಿದ್ದಳು. ಅವನು ಹೋಗಿ ಆ ಗೀರುಗಳಿಗೆ ಅಡ್ಡವಾಗಿ ಏರಿಯ ಮೇಲೆ ನಿಂತುಕೊಂಡ. ಒಬ್ಬ ಮನುಷ್ಯನ ಮೈ ಎಷ್ಟನ್ನು ಮರೆಮಾಡೀತು? ಅವಳು ಬಂದು ಅವನ ಪಕ್ಕದಲ್ಲೇ ನಿಂತು ಕೆಳಗೆ ನೋಡಿದಳು. ನಿಂತಲ್ಲೇ ಮೆಲ್ಲಗೆ ಕುಸಿದು ಕೂತಳು, ಎರಡೂ ಕೈ ಮಣ್ಣಿಗೆ ಊರಿ.

ಅಗ್ನಿಶಾಮಕದ ವ್ಯಾನು ಬಂದದ್ದು ಅದಾದ ಸ್ವಲ್ಪ ಹೊತ್ತಿಗೆ. ನಾಲ್ಕು ಜನ, ಮೈಯೆಲ್ಲ ಮಸಿ. ಅವರ ಮುಖಂಡ ಭೀಮರಾಜ್ ಮೋಟ್ರು ನಿಲ್ಲಿಸಬೇಡಿ ಎಂದು ಹೇಳಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾನೇ ಇಳಿದ. ಅಷ್ಟು ಪಳಗಿದವನೂ ಇಳಿಜಾರಿನಲ್ಲಿ ಕಾಲಿಟ್ಟೊಡನೆ ಜಾರಿ ಒಂದೇ ಏಟಿಗೆ ತಳ ಸೇರಿದ. ಎದೆಮಟ್ಟದ ನೀರಿನಲ್ಲಿ ಕಾಲಿನಿಂದ ತಡವುತ್ತ ಮೂಲೆಯಿಂದ ಹೊರಟು, ನಡುವಿಗೆ ಬಂದು ನಿಂತ. ಮೇಲೆ ನೋಡಿ ಕೈ ಎತ್ತಿದ. ಯಾರೋ ಹೋಗಿ ಇಂಜಿನ್ನುಗಳನ್ನು ಒಂದೊಂದಾಗಿ ನಿಲ್ಲಿಸಿದರು. ಕಡೆಯ ಇಂಜಿನ್ನು ನಿಂತ ಮೇಲೆ ಹುಳು ಮನೆಯ ಸದ್ದು ಅಲ್ಲಿಯ ತನಕ ಕೇಳಿಸಿದಂತಾಯಿತು.

ವೆಂಕಟ್‌ನನ್ನು ಮೇಲಕ್ಕೆ ತಂದು ರಾಗಿ ಹೊಲದ ಬದುವಿನ ಮೇಲೆ ಮಲಗಿಸಿದಾಗ ದೊಡ್ಡಮುನಿಯಮ್ಮ ಎದ್ದು ಬಂದು ಅವನ ಪಾದಗಳನ್ನು ಮಡಿಲಿಗೆ ಎಳೆದುಕೊಂಡು, ಸೆರಗಿನಿಂದ ಒರೆಸತೊಡಗಿದಳು. ಒರೆಸುತ್ತಲೇ ಇದ್ದಳು.

ಭೀಮರಾಜ್ ಹಗ್ಗ ಬಿಚ್ಚಿ ಸುತ್ತುತ್ತಿದ್ದಾಗ ಉಮೇಶ್ ಅವನ ಹತ್ತಿರ ಹೋದ. ಕೇಳಬಾರದೆಂದುಕೊಂಡದ್ದನ್ನೇ ಕೇಳಿದ.

"ಇಳಿಜಾರು ಇಷ್ಟು ಕಡಿದಾಗಿ ಇಲ್ದಿದ್ರೆ ಹತ್ತೋಕಾಗ್ತಿತ್ತಾ?"

ಭೀಮರಾಜ್ ಹೊಂಡದ ಕಡೆ ನೋಡಿದ. "ಏನ್ ಹೇಳೋದು ಸಾರ್. ಈ ಹಾಳೆ ಮೇಲೆ ಪಾಚಿ ಕಟ್ಟಿದ್ರೆ ಹೆಂಗಿದ್ರೂ ಕಷ್ಟಾನೇ. ಸ್ವಲ್ಪ ಮಲಗಿದಂಗಿದ್ರೆ ಮೊಣಕೈ ಊರ್ಕೊಂಡು ಬರ್ತಿದ್ರೇನೋ. ಬರ್ತಿರ್ಲಿಲ್ವೇನೋ. ಒಂದು ಹಗ್ಗ ಇಳಿಬಿಟ್ಟಿದ್ರೆ ಬರ್ತಿದ್ರು ಅಂತ ಮಾತ್ರ ಹೇಳಬಲ್ಲೆ."

ಬರುತ್ತಿದ್ದನೇನೋ, ಬರುತ್ತಿರಲಿಲ್ಲವೇನೋ. ಉಮೇಶ್ ಆ ಎರಡು ಮಾತಿನ ನಡುವೆ ಸಿಕ್ಕಿಕೊಂಡ. ನಿನ್ನದೇ ತಪ್ಪು ಎಂದು ಯಾರಾದರೂ ಬೈದಿದ್ದರೆ ತಲೆ ತಗ್ಗಿಸಬಹುದಿತ್ತು. ಯಾರೂ ಬೈಯಲಿಲ್ಲ. ಊರಿನಲ್ಲಿ ಒಬ್ಬರಾದರೂ ಆ ಲೆಕ್ಕದ ಮಾತೆತ್ತಲಿಲ್ಲ.

ಆಸ್ಪತ್ರೆಯ ಶವಾಗಾರದ ಮುಂದೆ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ವೆಂಕಟಲಕ್ಷ್ಮಿಯ ಫೋನು ಬಂತು. ಹಿಂದೆ ಕಂಪನಿ ಬಸ್ಸಿನ ಸದ್ದು, ಹುಡುಗಿಯರ ನಗು. "ಏನ್ರೀ, ಇಷ್ಟೊಂದು ಸಲ ಮಾಡಿದೀರ? ಮನೇಲಿ ಏನಾದ್ರೂ ತರಬೇಕಿತ್ತಾ?" ಎಂದಳು. "ನೀನು ಬಸ್ಸು ಇಳಿ. ಆಮೇಲೆ ಮಾಡ್ತೀನಿ" ಎಂದ ಉಮೇಶ್. ಅವನ ದನಿಯಲ್ಲಿ ಏನು ಕೇಳಿಸಿತೋ, ಅವಳು, "ಅತ್ತೆನಾ?" ಎಂದು ಕೇಳಿದಳು. ಅವನು ಅಲ್ಲ ಎಂದ.

ಹೊಲದಲ್ಲೇ ಮಣ್ಣು ಮಾಡಿದರು. ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಎರೆಯಲು ಹೋಗುವ ಹೊತ್ತಿಗೆ ಹುಳು ಹಣ್ಣಾಗಿ, ಗೂಡು ಕಟ್ಟಲು ಜಾಗ ಹುಡುಕತೊಡಗಿದವು. ಮುತ್ಯಾಲಮ್ಮ ಮತ್ತು ಆದಿಲಕ್ಷ್ಮಮ್ಮ ಊರಿನ ಹೆಂಗಸರನ್ನು ಕರೆದು, ಹುಳುಗಳನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಮೇಲೆ ಬಿಟ್ಟರು. ಕದಿರಪ್ಪ ಗೂಡನ್ನು ಕೋಲಾರದ ಮಾರುಕಟ್ಟೆಗೆ ತಾನೇ ಕೊಂಡುಹೋಗಿ ಬಂದ. ಅವನ ರಾಗಿ ನೀರು ನಿಂತು ನೆಲಕ್ಕೆ ಮಲಗಿತ್ತು. ಆ ವಿಷಯ ಅವನು ಎತ್ತಲೇ ಇಲ್ಲ.

ಹನ್ನೊಂದರ ತಿಥಿ ಮುಗಿಸಿ ನೆಂಟರೆಲ್ಲ ಹೋದ ಮೇಲೆ ಉಮೇಶ್ ಸುನಂದಳಿಗೆ ಹೇಳಿದ: "ಹೊಂಡ ಮುಚ್ಚಿಸಿಬಿಡೋಣ ಕಣಮ್ಮ."

ಅವಳು ಜಗುಲಿಯಲ್ಲಿ ಮಗಳ ತಲೆ ಬಾಚುತ್ತಿದ್ದಳು. ಬಾಚಣಿಗೆ ಆಡಿಸುತ್ತಲೇ ಹೇಳಿದಳು: "ಮುಚ್ಚಿ ಏನ್ಮಾಡೋದು ಬಾವ? ಬೋರಲ್ಲಿ ಬರೋದು ಒಂದಿಂಚು ನೀರು. ಎಲ್ಲಾದ್ರೂ ತುಂಬ್ಕೊಂಡ್ರೇ ತಾನೆ ತೋಟಕ್ಕೆ ಹರಿಯೋದು. ಸೊಪ್ಪಿಲ್ದಿದ್ರೆ ನಾವು ಏನ್ ತಿನ್ನೋದು?"

"ಹಾಗಾದ್ರೆ ಇಳಿಜಾರಾದ್ರೂ ಸರಿ ಮಾಡಿಸೋಣ. ಆವತ್ತು ಅದನ್ನ ಅಷ್ಟು ಕಡಿದಾಗಿ ಮಾಡು ಅಂತ ಅವನಿಗೆ ನಾನೇ..."

"ನಿಮ್ಮ ಲೆಕ್ಕ ಸರಿಯಾಗೇ ಇತ್ತಲ್ಲ ಬಾವ," ಎಂದಳು ಅವಳು, ಅವನನ್ನು ಸಮಾಧಾನ ಮಾಡುವವಳಂತೆ. "ಎರಡು ಬೇಸಿಗೆ ತೋಟ ಒಣಗಲಿಲ್ಲ. ಅವರು ದಿನಾ ಅದನ್ನೇ ಹೇಳೋರು."

ಹೊಂಡ ಹಾಗೇ ಉಳಿಯಿತು. ಹರಿದ ಹಾಳೆಗೆ ತೇಪೆ ಹಾಕಿಸಿದರು. ಬಿಟ್ಟಿದ್ದ ಕಡೆ ಗೇಟು ಇಡಿಸಿ ತಂತಿ ಎಳೆಸಿದರು. ನಾಲ್ಕೂ ಕಡೆ ಗಂಟು ಹಾಕಿದ ನೈಲಾನ್ ಹಗ್ಗ ಇಳಿಬಿಟ್ಟು, ಹಳೆಯ ಟಯರುಗಳನ್ನು ಕಟ್ಟಿದರು. ಬೋರಿನ ನೀರು ಮತ್ತೆ ಹೊಂಡಕ್ಕೆ ಬೀಳತೊಡಗಿತು.

ಉಮೇಶ್‌ಗೆ ಮಾತ್ರ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಊರಿನಲ್ಲಿ ಅದೇ ಅಳತೆಯ ಹೊಂಡ ಇನ್ನೂ ಮೂರಿದ್ದವು. ಒಂದು ಭಾನುವಾರ ಅವನು ಇಳಿಜಾರು ಸರಿಮಾಡಿಸಿ ಎಂದು ಹೇಳಲು ಮೂರೂ ಮನೆಗೆ ಹೋದ. ಬಚ್ಚಪ್ಪ ಚಾಪೆ ಹಾಸಿ ಕೂರಿಸಿ, ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಖಂಡಿತ ಮಾಡಿಸ್ತೀನಿ ಮೇಷ್ಟ್ರೇ, ಕೊಯ್ಲು ಒಂದು ಮುಗೀಲಿ" ಎಂದ. ಆದಿಲಕ್ಷ್ಮಮ್ಮ ಕಾಫಿ ಕೊಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು, ವೆಂಕಟ್ ಎಂಥ ಹುಡುಗನಾಗಿದ್ದನೆಂದು ಹೇಳಿದಳು. ಹೊಂಡದ ಮಾತು ಅಲ್ಲೇ ಕರಗಿಹೋಯಿತು. ಕದಿರಪ್ಪ ನೋಡೋಣ ಎಂದ. ತಮ್ಮನನ್ನು ಕಳೆದುಕೊಂಡವನು ಏನೋ ಹೇಳುತ್ತಿದ್ದಾನೆ, ಪಾಪ, ಹೇಳಿಕೊಳ್ಳಲಿ ಎಂಬ ಮುಖ ಎಲ್ಲರದೂ.

ಅವನು ಶ್ರೀನಿವಾಸಪುರದ ಅಂಗಡಿಯಿಂದ ಹಗ್ಗದ ಸುರುಳಿಗಳನ್ನು ತಂದು, ಮೂರು ಹೊಂಡಗಳಿಗೂ ತಾನೇ ಗೂಟ ಹೊಡೆದು, ಗಂಟು ಹಾಕಿ ಇಳಿಬಿಟ್ಟು ಬಂದ. ಯಾರೂ ಬೇಡ ಅನ್ನಲಿಲ್ಲ.

ತಿಂಗಳೊಪ್ಪತ್ತಿನ ಮೇಲೆ ತಾಯಿಯನ್ನು ನೋಡಲು ಬಂದವನು ಕದಿರಪ್ಪನ ಹೊಂಡದ ಕಡೆ ಹೋದ. ಗೂಟ ಇತ್ತು, ಹಗ್ಗ ಇರಲಿಲ್ಲ. ಕೊಟ್ಟಿಗೆಯ ಮುಂದೆ ಹೊಸದಾಗಿ ತಂದ ಸೀಮೆಹಸುವೊಂದು ಹಳದಿ ನೈಲಾನ್ ಹಗ್ಗದಲ್ಲಿ ಕಟ್ಟಿಸಿಕೊಂಡು ಮೆಲುಕು ಹಾಕುತ್ತಿತ್ತು. ಹಗ್ಗದ ಗಂಟುಗಳನ್ನು ಬಿಚ್ಚಿರಲಿಲ್ಲ.

ಕದಿರಪ್ಪ ಅವನು ನೋಡಿದ್ದನ್ನು ನೋಡಿ, ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ. "ಹಸ ತಂದ ದಿನ ಕೈಗೆ ಬೇರೆ ಹಗ್ಗ ಸಿಗಲಿಲ್ಲ ಮೇಷ್ಟ್ರೇ. ನಾಳೆ ಬದಲಾಯಿಸ್ತೀನಿ."

ತಮ್ಮನಿಗಾಗಿ ಇಡೀ ರಾಗಿ ಹೊಲ ಬಿಟ್ಟುಕೊಟ್ಟ ಮನುಷ್ಯ. ಅವನಿಗೆ ಏನೆಂದು ಹೇಳುವುದು? ಹೊಂಡದ ಅಂಚಿನಲ್ಲಿ ಕದಿರಪ್ಪನ ಸೊಸೆ ಪೈಪಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೊಸರು ಕಡೆದ ಪಾತ್ರೆ ತೊಳೆಯುತ್ತಿದ್ದಳು.

"ಅಮ್ಮಾ, ಅಲ್ಲಿ ಬೇಡ, ಈ ಕಡೆ ಬಾ," ಎಂದು ಉಮೇಶ್ ಕೂಗಿದ.

ಅವಳು ತಿರುಗಿ ನೋಡಿ, ಗೌರವಕ್ಕೆ ಸೆರಗು ಹೊದ್ದುಕೊಂಡು, "ಆಯ್ತು ಮೇಷ್ಟ್ರೇ, ಇದೊಂದು ಪಾತ್ರೆ" ಎಂದಳು. ಉಮೇಶ್ ಬೈಕನ್ನು ಅಲ್ಲೇ ನಿಲ್ಲಿಸಿ, ಅವಳು ತೊಳೆದು ಮುಗಿಸಿ ಏರಿ ಇಳಿಯುವ ತನಕ ನಿಂತಿದ್ದ. ಆಮೇಲೆ ಇನ್ನೊಂದು ಸುರುಳಿ ಹಗ್ಗ ತರಲು ಶ್ರೀನಿವಾಸಪುರದ ದಾರಿ ಹಿಡಿದ.